ಜೀನ್ಸ್ ತೊಳೆದ ನೀರನ್ನು ಯುಜಿಡಿಗೆ ಬಿಡಬಹುದೇ? ಬಳ್ಳಾರಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಣ್ಣದ ನೀರು ಶುದ್ಧ ಮಾಡುವ ಘಟಕಗಳಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ಈಗ ಬಳ್ಳಾರಿಯ ಸಣ್ಣ ವಾಷಿಂಗ್ ಯುನಿಟ್‌ನವರು, ಅವರ ಅಕ್ಕಪಕ್ಕದ ಮನೆಯವರು, ಊರ ಹೊರಗಿನ ರೈತರು ಫೋನ್ ಮಾಡಿ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಉದಾಹರಣೆಗಳು ಜಾಸ್ತಿ ಜೀನ್ಸ್ ಕೆಲಸದವು, ಯಾಕೆಂದರೆ ನಮ್ಮೂರಿನ ಸಾವಿರಾರು ಮನೆಗಳಿಗೆ ಅದೇ ಅನ್ನ. ಆ ಕೆಲಸ ಉಳಿಯಬೇಕು ಅನ್ನೋದು ನನ್ನ ಆಸೆ ಕೂಡ.

ಯುನಿಟ್ ಮುಂದೆಯೇ ಯುಜಿಡಿ ಮ್ಯಾನ್‌ಹೋಲ್ ಇದೆ. ತೆರಿಗೆ ಕಟ್ಟುತ್ತೇವೆ. ಅದಕ್ಕೇ ನೀರು ಬಿಟ್ಟರೆ ಏನು ತಪ್ಪು?

ಯುಜಿಡಿ ಅಂದರೆ ನೆಲದಡಿಯ ಒಳಚರಂಡಿ ಕೊಳವೆ, ಅಷ್ಟೇ. ಅದು ನೀರನ್ನು ಸಾಗಿಸುತ್ತದೆ, ಶುದ್ಧ ಮಾಡುವುದಿಲ್ಲ. ಶುದ್ಧ ಮಾಡುವುದು ಕೊಳವೆಯ ಕೊನೆಯಲ್ಲಿರುವ ಎಸ್‌ಟಿಪಿ, ಅಂದರೆ ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕ. ಅಲ್ಲಿ ಕೆಲಸ ಮಾಡುವುದು ಕಣ್ಣಿಗೆ ಕಾಣದ ಜೀವಾಣುಗಳು. ಬಚ್ಚಲು ನೀರು, ಅಡುಗೆ ಮನೆ ನೀರು, ಶೌಚದ ನೀರು ಅವುಗಳಿಗೆ ಊಟ. ಬ್ಲೀಚ್, ಕಾಸ್ಟಿಕ್, ಬಣ್ಣ ಊಟ ಅಲ್ಲ. ಜೋರು ಬ್ಲೀಚ್ ನೀರು ಒಮ್ಮೆಲೇ ಬಂದರೆ ಜೀವಾಣುಗಳು ಸಾಯುತ್ತವೆ. ಮತ್ತೆ ಬೆಳೆಯಲು ದಿನಗಳೇ ಬೇಕು. ಅಷ್ಟು ದಿನ ಊರಿನ ಶೌಚದ ನೀರು ಸರಿಯಾಗಿ ಶುದ್ಧವಾಗದೆ ಹಳ್ಳ ಸೇರುತ್ತದೆ.

ಕಾನೂನಿನ ಮಾತೂ ಇದೆ. 1974ರ ಜಲ ಮಾಲಿನ್ಯ ತಡೆ ಕಾಯ್ದೆಯ 24ನೇ ಸೆಕ್ಷನ್ ನದಿ, ಬಾವಿ, ಭೂಮಿಯ ಜೊತೆಗೆ ಒಳಚರಂಡಿಯನ್ನೂ ಹೆಸರಿಸಿ ಹೇಳುತ್ತದೆ. 25ನೇ ಸೆಕ್ಷನ್ ಪ್ರಕಾರ ಕಾರ್ಖಾನೆ ನೀರನ್ನು ಒಳಚರಂಡಿಗೆ ಬಿಡಲು ಮೊದಲೇ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. "ನಾವು ಹಳ್ಳಕ್ಕೆ ಬಿಡ್ತಿಲ್ಲ, ಯುಜಿಡಿಗೆ ಬಿಡ್ತೀವಿ" ಅನ್ನುವ ಮಾತು ನಿಲ್ಲುವುದಿಲ್ಲ.

ಹಾಗಾದರೆ ಯಾರ ಅನುಮತಿ ಬೇಕು? ಪಾಲಿಕೆಯದ್ದೋ, ಬೋರ್ಡಿನದ್ದೋ?

ಎರಡೂ. ಕೊಳವೆ ಪಾಲಿಕೆಯ ಕೈಯಲ್ಲಿದೆ. ಸಂಪರ್ಕ ಕೊಡುವುದು, ಕಡಿಯುವುದು ಅವರ ಅಧಿಕಾರ. ಬಳ್ಳಾರಿಗೆ 1976ರ ಮಹಾನಗರ ಪಾಲಿಕೆ ಕಾಯ್ದೆ ಅನ್ವಯಿಸುತ್ತದೆ, ಕೊಪ್ಪಳದಂಥ ನಗರಸಭೆಗೆ 1964ರ ಪುರಸಭೆಗಳ ಕಾಯ್ದೆ. ನೀರಿನ ಗುಣಮಟ್ಟ ನೋಡುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅದರ ಪ್ರಾದೇಶಿಕ ಕಚೇರಿ ಬಳ್ಳಾರಿಯಲ್ಲೇ ಇದೆ. ಯುನಿಟ್ ಕಟ್ಟುವ ಮೊದಲು ಸ್ಥಾಪನೆಗೆ ಒಂದು ಸಮ್ಮತಿ, ಶುರು ಮಾಡುವ ಮೊದಲು ನಡೆಸಲು ಇನ್ನೊಂದು. ಬಟ್ಟೆಗೆ ಬಣ್ಣ ಹಾಕುವ, ಬ್ಲೀಚ್ ಮಾಡುವ ಕೆಲಸ ಕೆಂಪು ವರ್ಗಕ್ಕೆ, ಅಂದರೆ ಹೆಚ್ಚು ಮಾಲಿನ್ಯ ಮಾಡುವ ಉದ್ಯಮಗಳ ಗುಂಪಿಗೆ ಸೇರುತ್ತದೆ. ಟ್ರೇಡ್ ಲೈಸೆನ್ಸ್ ಇದೆ ಅಂದರೆ ಸಮ್ಮತಿ ಇದೆ ಅಂತಲ್ಲ. ಈ ತಪ್ಪು ತಿಳಿವಳಿಕೆ ನಮ್ಮಲ್ಲಿ ತುಂಬಾ ಇದೆ.

ಸಮ್ಮತಿ ಪತ್ರ ಬಂದ ಮೇಲೆ ಅದನ್ನು ಫೈಲಿನಲ್ಲಿ ಇಟ್ಟು ಮರೆಯಬೇಡಿ. ದಿನಕ್ಕೆ ಎಷ್ಟು ನೀರು ಬಿಡಬಹುದು, ಎಲ್ಲಿಗೆ ಬಿಡಬೇಕು, ಎಷ್ಟು ಶುದ್ಧ ಇರಬೇಕು ಅನ್ನುವುದೆಲ್ಲಾ ಅದರಲ್ಲೇ ಇರುತ್ತದೆ. ನಿಮ್ಮ ಯುನಿಟ್‌ಗೆ ಕೊನೆಯ ಮಾತು ಅದೇ. ಕೆಳಗೆ ನಾನು ಕೊಡುವ ಅಂಕಿಗಳಿಗಿಂತ ಬಿಗಿಯಾದ ಷರತ್ತು ಅದರಲ್ಲಿದ್ದರೆ ಅದನ್ನೇ ಪಾಲಿಸಬೇಕು. ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಮಂಡಳಿಗೆ ಫಾರ್ಮ್ 5ರಲ್ಲಿ ಪರಿಸರ ವರದಿಯನ್ನೂ ಕೊಡಬೇಕು.

ಒಳಚರಂಡಿಗೆ ಬಿಡುವ ನೀರು ಎಷ್ಟು ಶುದ್ಧ ಇರಬೇಕು?

1986ರ ಪರಿಸರ ಸಂರಕ್ಷಣಾ ನಿಯಮಗಳ 6ನೇ ಅನುಸೂಚಿಯಲ್ಲಿ ಸಾಮಾನ್ಯ ಮಿತಿಗಳಿವೆ. ಸಾರ್ವಜನಿಕ ಒಳಚರಂಡಿಗೆ ಲೀಟರಿಗೆ ಬಿಒಡಿ 350 ಮಿಲಿಗ್ರಾಂ, ತೇಲುವ ಕಣಗಳು 600, ಎಣ್ಣೆ ಜಿಡ್ಡು 20. ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 9ರೊಳಗೆ ಇರಬೇಕು. ಒಟ್ಟು ಕ್ರೋಮಿಯಂ 2, ಸತು 15, ತಾಮ್ರ 3. ನದಿ, ಕೆರೆ, ಹಳ್ಳಕ್ಕಾದರೆ ತುಂಬಾ ಬಿಗಿ: ಬಿಒಡಿ 30, ಕಣಗಳು 100, ಎಣ್ಣೆ 10, ಸಿಒಡಿ 250.

ಬಿಒಡಿ ಅಂದರೇನು ಅಂತ ಎಲ್ಲರೂ ಕೇಳುತ್ತಾರೆ. ನೀರಿನಲ್ಲಿರುವ ಕೊಳೆಯನ್ನು ಜೀವಾಣುಗಳು ತಿಂದು ಮುಗಿಸಲು ಎಷ್ಟು ಆಮ್ಲಜನಕ ಬೇಕೋ ಅದರ ಲೆಕ್ಕ. ಅಂಕಿ ದೊಡ್ಡದಾದಷ್ಟೂ ಆ ನೀರು ಸೇರುವ ಕೆರೆಯಲ್ಲಿ ಮೀನಿಗೆ ಉಸಿರಾಡಲು ಗಾಳಿ ಕಡಿಮೆ. ಸಿಒಡಿಯೂ ಅಂಥದ್ದೇ ಲೆಕ್ಕ, ಆದರೆ ಜೀವಾಣುಗಳ ಬದಲು ರಾಸಾಯನಿಕದಿಂದ ಅಳೆಯುತ್ತಾರೆ.

350 ಇರುವಾಗ 30 ಯಾಕೆ ಕೇಳುತ್ತಾರೆ? ನಮ್ಮದು ಯುಜಿಡಿ ಸಂಪರ್ಕ ಅಲ್ವಾ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು. ಬಹಳ ಜನ ಎಡವುವುದು ಇಲ್ಲೇ.

ಅದೇ ಅನುಸೂಚಿಯಲ್ಲಿ ಪಟ್ಟಿಯ ಕೆಳಗೆ ಒಂದು ಸಣ್ಣ ಟಿಪ್ಪಣಿ ಇದೆ. ಒಳಚರಂಡಿಯ ಕೊನೆಯಲ್ಲಿ ಜೈವಿಕ ಶುದ್ಧೀಕರಣ ಇರುವ ಎಸ್‌ಟಿಪಿ ಇದ್ದರೆ ಮಾತ್ರ ಒಳಚರಂಡಿಯ ಮಿತಿ ಅನ್ವಯಿಸುತ್ತದೆ. ಇಲ್ಲದಿದ್ದರೆ ಅದನ್ನು ನೇರ ಹಳ್ಳಕ್ಕೆ ಬಿಟ್ಟಂತೆ ಎಂದೇ ಲೆಕ್ಕ. ಅಂದರೆ 350 ಅನ್ನುವುದು ಪುಕ್ಕಟೆ ಸಿಗುವ ರಿಯಾಯಿತಿ ಅಲ್ಲ. ಉಳಿದ ಕೊಳೆಯನ್ನು ಎಸ್‌ಟಿಪಿ ತೆಗೆಯುತ್ತದೆ ಅನ್ನುವ ನಂಬಿಕೆಯ ಮೇಲೆ ಕೊಟ್ಟ ಅಂಕಿ ಅದು.

ಈಗ ನಿಮ್ಮ ಬೀದಿ ನೋಡಿಕೊಳ್ಳಿ. ಮ್ಯಾನ್‌ಹೋಲ್ ಇದೆ, ಸರಿ. ಆ ಕೊಳವೆ ಎಲ್ಲಿಗೆ ಹೋಗುತ್ತದೆ? ಎಸ್‌ಟಿಪಿ ತನಕ ಹೋಗುತ್ತದೋ, ನಡುವೆ ತೆರೆದ ಚರಂಡಿಗೆ ಬೀಳುತ್ತದೋ? ಪಂಪ್ ಮಾಡುವ ಕಡೆ ಮೋಟರ್ ಕೆಟ್ಟರೆ ನೀರು ಎಲ್ಲಿಗೆ ಹರಿಯುತ್ತದೆ? ಪಾಲಿಕೆಯ ಒಳಚರಂಡಿ ವಿಭಾಗಕ್ಕೆ ಹೋಗಿ ಕೇಳಿ. ಲಿಖಿತವಾಗಿ ಕೇಳಿ. ಬಾಯಿಮಾತಿನ "ಹೋಗುತ್ತೆ ಬಿಡಿ" ಮೇಲೆ ಲಕ್ಷಗಟ್ಟಲೆ ಖರ್ಚಿನ ಇಟಿಪಿ (ಯುನಿಟ್‌ನ ಕೊಳೆ ನೀರು ಶುದ್ಧ ಮಾಡುವ ಘಟಕ) ವಿನ್ಯಾಸ ಮಾಡಬೇಡಿ.

ಜವಳಿಗೆ ಇನ್ನೊಂದು ವಿಷಯವೂ ಇದೆ. 2016ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಬಟ್ಟೆ ಉದ್ಯಮಕ್ಕೇ ಬೇರೆ ಮಿತಿ ತಂದಿತು. ಬಣ್ಣ ಹಾಕುವ, ಬ್ಲೀಚ್ ಮಾಡುವ ಯುನಿಟ್‌ಗಳಿಗೂ ಅದು ಅನ್ವಯಿಸುತ್ತದೆ. ಅದರಲ್ಲಿ ಬಿಒಡಿ 30, ಸಿಒಡಿ 250, ಸಲ್ಫೈಡ್ 2. ಜೊತೆಗೆ ಬಣ್ಣಕ್ಕೂ ಮಿತಿ ಇದೆ: 150 ಪ್ಲಾಟಿನಂ ಕೋಬಾಲ್ಟ್ ಯುನಿಟ್ (ನೀರಿನ ಬಣ್ಣ ಅಳೆಯುವ ಮಾನ). ಹಾಗಾಗಿ ಜೀನ್ಸ್ ಯುನಿಟ್‌ನವರು 350ನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಶುರು ಮಾಡಲೇಬಾರದು.

ಬೋರ್ ನೀರು ಬೆರೆಸಿ ತೆಳು ಮಾಡಿ ಬಿಟ್ಟರೆ ಮಿತಿಯೊಳಗೆ ಬರುತ್ತದಲ್ಲ?

ಲೆಕ್ಕ ಮಾಡಿ ನೋಡೋಣ. ನಿಮ್ಮದು ದಿನಕ್ಕೆ 20,000 ಲೀಟರ್, ಬಿಒಡಿ 1,000 ಅಂದುಕೊಳ್ಳಿ. ಕೊಳೆಯ ಭಾರ 20 ಕೆ.ಜಿ. ಅದಕ್ಕೆ 40,000 ಲೀಟರ್ ಒಳ್ಳೆ ನೀರು ಸುರಿದರೆ ಬಿಒಡಿ 333ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಎಸ್‌ಟಿಪಿಗೆ ಹೋಗುವುದು ಅದೇ 20 ಕೆ.ಜಿ. ಕೊಳೆ. ಜೊತೆಗೆ ಕೊಳವೆಯಲ್ಲಿ ಮೂರು ಪಟ್ಟು ನೀರು. ಬೇಸಿಗೆಯಲ್ಲಿ ತುಂಗಭದ್ರಾ ಕಾಲುವೆ ನಿಂತಾಗ ಬಳ್ಳಾರಿಯಲ್ಲಿ ನಲ್ಲಿ ನೀರಿಗೆ ಎಷ್ಟು ದಿನ ಕಾಯುತ್ತೇವೆ ಅಂತ ಎಲ್ಲರಿಗೂ ಗೊತ್ತು. ಅಂಥ ಊರಿನಲ್ಲಿ 40,000 ಲೀಟರ್ ಒಳ್ಳೆ ನೀರನ್ನು ಚರಂಡಿಗೆ ಸುರಿಯುವುದು ನನಗೆ ಸಹಿಸಲಾಗದ ವಿಷಯ.

ಜೀನ್ಸ್ ತೊಳೆದ ನೀರಿನಲ್ಲಿ ಅಂಥದ್ದೇನಿದೆ? ಬರೀ ನೀಲಿ ಬಣ್ಣ ತಾನೆ?

ನೀಲಿ ಕಣ್ಣಿಗೆ ಬೀಳುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಬೈಯುತ್ತಾರೆ. ನಿಜ ಹೇಳಬೇಕೆಂದರೆ ಇಂಡಿಗೋ ನೀರಿನಲ್ಲಿ ಕರಗದೆ ಸಣ್ಣ ಕಣಗಳಾಗಿ ಇರುತ್ತದೆ. ಪಟಿಕ, ಸುಣ್ಣ ಸರಿಯಾದ ಅಳತೆಯಲ್ಲಿ ಹಾಕಿದರೆ ಸಾಕಷ್ಟು ಕೆಳಗೆ ಕೂರುತ್ತದೆ. ಕಣ್ಣಿಗೆ ಕಾಣದ್ದೇ ಹೆಚ್ಚು ಕಷ್ಟ.

ಮೊದಲ ತೊಳೆತದಲ್ಲಿ ಬಟ್ಟೆಯ ಗಂಜಿ ಬಿಡುತ್ತದೆ. ಎಂಜೈಮ್ ಹಾಕಿದಾಗ ಆ ಗಂಜಿಯೆಲ್ಲಾ ನೀರಿಗೆ ಬರುತ್ತದೆ. ಬಿಒಡಿ ಏರುವುದು ಹೆಚ್ಚಾಗಿ ಇದರಿಂದ. ಸ್ಟೋನ್ ವಾಶ್‌ನಲ್ಲಿ ಕಲ್ಲಿನ ಪುಡಿ, ನೂಲಿನ ಜುಂಗು ಬರುತ್ತದೆ. ಇವೆರಡೂ ಸೇರಿ ಕೊಳವೆಯೊಳಗೆ ಸಿಮೆಂಟಿನಂತೆ ಕೂರುತ್ತವೆ. ಬೀದಿಯಲ್ಲಿ ಮ್ಯಾನ್‌ಹೋಲ್ ಉಕ್ಕಿದಾಗ ಒಳಗೆ ನೋಡಿ, ನೀಲಿ ಜುಂಗಿನ ಉಂಡೆಗಳೇ ಸಿಗುತ್ತವೆ. ಇದಕ್ಕೆ ಮದ್ದು ತುಂಬಾ ಅಗ್ಗ: ಎರಡು ಜಾಲರಿ, ಒಂದು ಕೂರಿಸುವ ತೊಟ್ಟಿ, ದಿನಾ ತೆಗೆಯುವ ಅಭ್ಯಾಸ. ಇಷ್ಟೂ ಇಲ್ಲದ ಯುನಿಟ್ ನೋಡಿದರೆ ನನಗೆ ಬೇಸರವಾಗುತ್ತದೆ.

ಆಮೇಲೆ ಬ್ಲೀಚ್. ಅದನ್ನು ಹೈಪೋ (ಸೋಡಿಯಂ ಥಯೋಸಲ್ಫೇಟ್) ಹಾಕಿ ತಟಸ್ಥ ಮಾಡದೆ ಬಿಟ್ಟರೆ ಎಸ್‌ಟಿಪಿ ಜೀವಾಣುಗಳಿಗೆ ವಿಷ. ಬಿಳಿ ಮಾಸಲು ನೋಟಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಸ್ಪ್ರೇ ಮಾಡುತ್ತಾರೆ. ಅದರ ಮ್ಯಾಂಗನೀಸ್ ನೀರಿಗೆ ಬರುತ್ತದೆ. ಕೊನೆಗೆ ಉಪ್ಪು ಮತ್ತು ಕಾಸ್ಟಿಕ್. ಇವುಗಳ ಸೋಡಿಯಂ ಪಟಿಕಕ್ಕೂ ಬಗ್ಗುವುದಿಲ್ಲ, ಜೀವಾಣುವಿಗೂ ಬಗ್ಗುವುದಿಲ್ಲ. ಕೊಳವೆಗೆ ಬಿಟ್ಟ ಉಪ್ಪು ಎಸ್‌ಟಿಪಿ ದಾಟಿ ಹಾಗೇ ಹೊರಗೆ ಬರುತ್ತದೆ.

ಕೊಳವೆಯೊಳಗೆ ಗ್ಯಾಸ್ ಆಗುತ್ತದೆ ಅಂತಾರೆ. ನಮ್ಮ ನೀರಿನಿಂದಲೂ ಆಗುತ್ತದಾ?

ಆಗುತ್ತದೆ. ದಯವಿಟ್ಟು ಇದನ್ನು ಪೂರ್ತಿ ಓದಿ.

ಕಪ್ಪು ಜೀನ್ಸಿಗೆ ಸಲ್ಫರ್ ಬ್ಲ್ಯಾಕ್ ಬಳಸುತ್ತಾರೆ. ಅದನ್ನು ಕರಗಿಸಲು ಸೋಡಿಯಂ ಸಲ್ಫೈಡ್ ಬೇಕು. ಆ ನೀರಿಗೆ ಆಸಿಡ್ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ನಿಮ್ಮ ಯುನಿಟ್‌ನಿಂದ ಸಲ್ಫೈಡ್ ನೀರು, ಪಕ್ಕದ ಯುನಿಟ್‌ನಿಂದ ಆಸಿಡ್ ನೀರು ಹೋದರೂ ಎರಡೂ ಕೂಡುವುದು ಒಂದೇ ಕೊಳವೆಯಲ್ಲಿ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅನಿಲ ಜಾಸ್ತಿಯಾದಾಗ ಮೂಗೇ ಮರಗಟ್ಟುತ್ತದೆ, ವಾಸನೆ ಗೊತ್ತಾಗುವುದೇ ಇಲ್ಲ. ವಾಸನೆ ಹೋಯಿತು, ಇಳಿಯಬಹುದು ಅಂದುಕೊಂಡವರು ಒಳಗೇ ಕುಸಿಯುತ್ತಾರೆ. ಎತ್ತಲು ಇಳಿದವರೂ ಹಾಗೇ ಕುಸಿಯುತ್ತಾರೆ. ಬ್ಲೀಚ್ ನೀರಿಗೆ ಆಸಿಡ್ ಸೇರಿದರೆ ಕ್ಲೋರಿನ್ ಬರುತ್ತದೆ, ಅದೂ ಕೊಲ್ಲುತ್ತದೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಘಟಕದಲ್ಲಿ ಬಣ್ಣದ ನೀರು, ಆಸಿಡ್ ನೀರು ಎರಡನ್ನೂ ಒಂದೇ ತೊಟ್ಟಿಗೆ ಬಿಡುತ್ತಿದ್ದರು. ಒಂದು ಸಂಜೆ ತೊಟ್ಟಿಯ ಬಳಿ ನಿಂತಿದ್ದ ಹುಡುಗ ತಲೆಸುತ್ತಿ ಬಿದ್ದ. ಹೊರಗಡೆ ಬಿದ್ದಿದ್ದರಿಂದ ಬದುಕಿದ. ಒಂದು ಹೆಜ್ಜೆ ಮುಂದಿದ್ದರೆ ಒಳಗೆ ಬೀಳುತ್ತಿದ್ದ. ಅವತ್ತಿನಿಂದ ನಾನು ಎಲ್ಲಿಗೆ ಹೋದರೂ ಮೊದಲು ನೋಡುವುದು ಇದನ್ನೇ. ಸಲ್ಫೈಡ್ ನೀರಿಗೆ ಬೇರೆ ತೊಟ್ಟಿ, ಆಸಿಡ್ ನೀರಿಗೆ ಬೇರೆ ತೊಟ್ಟಿ. ಸಲ್ಫೈಡ್ ನೀರಿಗೆ ಮೊದಲು ಗಾಳಿ ಊದಿ ಸಲ್ಫೈಡ್ ತೆಗೆಯಬೇಕು. ಆಮೇಲಷ್ಟೇ ಬೇರೆ ನೀರಿನ ಜೊತೆ ಸೇರಿಸಬೇಕು.

ಒಳಚರಂಡಿಗೆ ರಕ್ಷಣೆ ಇಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ನಿಷೇಧಿಸಿದೆ. ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಯುನಿಟ್ ಮುಂದಿನ ಮ್ಯಾನ್‌ಹೋಲ್ ಕಟ್ಟಿಕೊಂಡಾಗ ಯಾರನ್ನೋ ಕರೆದು ಐನೂರು ರೂಪಾಯಿ ಕೊಟ್ಟು ಇಳಿಸಬೇಡಿ. ಪಾಲಿಕೆಗೆ ಹೇಳಿ ಯಂತ್ರ ತರಿಸಿ.

ಇದೇ ಅನಿಲ ಕಾಂಕ್ರೀಟ್ ಕೊಳವೆಯನ್ನೂ ತಿನ್ನುತ್ತದೆ. ಕೊಳವೆಯ ಮೇಲ್ಭಾಗದ ತೇವದಲ್ಲಿ ಬ್ಯಾಕ್ಟೀರಿಯಾ ಇದನ್ನು ಗಂಧಕಾಮ್ಲ ಮಾಡುತ್ತವೆ. ರಸ್ತೆ ಒಮ್ಮೆಲೇ ಕುಸಿಯಲು ಇದೂ ಒಂದು ಕಾರಣ.

ಸಣ್ಣ ಯುನಿಟ್‌ನವರು ಕಡಿಮೆ ಖರ್ಚಿನಲ್ಲಿ ಮೊದಲು ಏನು ಮಾಡಬಹುದು?

ಜಾಲರಿ, ಬೇರೆ ಬೇರೆ ತೊಟ್ಟಿ ಆಗಲೇ ಹೇಳಿದೆ. ಮೂರನೆಯದು, ಸಲ್ಫೈಡ್ ತೆಗೆದು, ಬ್ಲೀಚ್ ತಟಸ್ಥ ಮಾಡಿದ ಮೇಲೆ ಎಲ್ಲಾ ನೀರನ್ನೂ ಒಟ್ಟುಮಾಡಿ ಹದಕ್ಕೆ ತರುವ ದೊಡ್ಡ ತೊಟ್ಟಿ. ಡ್ರಮ್ ಖಾಲಿ ಮಾಡಿದಾಗ 20,000 ಲೀಟರ್ ಎರಡು ಗಂಟೆಯಲ್ಲಿ ನುಗ್ಗುವುದಕ್ಕೂ, 24 ಗಂಟೆಯಲ್ಲಿ ಗಂಟೆಗೆ 833 ಲೀಟರಿನಂತೆ ಹೋಗುವುದಕ್ಕೂ ಭೂಮಿ ಆಕಾಶದ ವ್ಯತ್ಯಾಸ. ಇಟಿಪಿ ಚಿಕ್ಕದಾದರೂ ಸಾಕಾಗುತ್ತದೆ, ಪಟಿಕವೂ ಉಳಿಯುತ್ತದೆ. ಕೊನೆಯ ಜಾಲಾಡಿದ ನೀರು ಸಾಕಷ್ಟು ಸ್ವಚ್ಛ ಇರುತ್ತದೆ. ಅದನ್ನು ಮುಂದಿನ ಲಾಟ್‌ನ ಮೊದಲ ತೊಳೆತಕ್ಕೆ ಬಳಸಿ.

ಇಟಿಪಿಯಲ್ಲಿ ಕೂತ ಕೆಸರನ್ನು ಖಾಲಿ ಸೈಟಿಗೆ ಹಾಕಬಹುದಾ?

ಬೇಡ. ರಾಸಾಯನಿಕ ಹಾಕಿ ಕೂರಿಸಿದ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕೆಳಗೆ ಬರುತ್ತದೆ. ಒಣಗಿಸಿ, ಚೀಲ ತುಂಬಿ, ಮಳೆ ತಾಗದ ಕಡೆ ಇಟ್ಟು, ಅನುಮತಿ ಇರುವ ಕಡೆಗೇ ಕಳಿಸಬೇಕು. ನಮ್ಮ ರಾಜ್ಯದಲ್ಲಿ ದಾಬಸ್‌ಪೇಟೆಯಲ್ಲಿ ಅಂಥ ವಿಲೇವಾರಿ ಜಾಗ ಇದೆ. ಬಳ್ಳಾರಿಯಿಂದ ಸಾಗಣೆ ಖರ್ಚು ಜಾಸ್ತಿ, ಒಪ್ಪುತ್ತೇನೆ. ಹತ್ತಾರು ಯುನಿಟ್ ಸೇರಿ ಒಂದೇ ಲಾರಿ ತುಂಬಿಸಿದರೆ ಹೊರೆ ಹಂಚಿಹೋಗುತ್ತದೆ.

ಎಲ್ಲರಿಗೂ ಸೇರಿ ಒಂದೇ ಘಟಕ ಇದ್ದರೆ ಸಾಲದೇ?

ಸಣ್ಣವರಿಗೆ ನಿಜವಾದ ದಾರಿ ಅದೇ ಅಂತ ನನ್ನ ಅಭಿಪ್ರಾಯ. ಅದಕ್ಕೆ ಸಿಇಟಿಪಿ ಅನ್ನುತ್ತಾರೆ. ಮನೆಗಳ ನಡುವೆ ಚದುರಿರುವ ಯುನಿಟ್‌ಗಳು ಒಂದೊಂದೂ ಪೂರ್ತಿ ಇಟಿಪಿ ಕಟ್ಟಿ, ಅದನ್ನು ತಿಳಿದವರನ್ನು ಇಟ್ಟು ನಡೆಸುವುದು ಕಷ್ಟ. ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದಂಥ ಒಂದೇ ಕಡೆ ಯುನಿಟ್‌ಗಳು ಸೇರಿದರೆ ಮಾತ್ರ ಕೊಳವೆ, ತೊಟ್ಟಿ, ಲ್ಯಾಬ್ ಎಲ್ಲಾ ಕೈಗೆಟುಕುತ್ತದೆ.

ಆದರೆ ಸಿಇಟಿಪಿ ಬಂದರೆ ನಮ್ಮ ಕೆಲಸ ಮುಗಿಯಿತು ಅಂತಲ್ಲ. 2016ರ ಜನವರಿ 1ರ ಅಧಿಸೂಚನೆ ಪ್ರಕಾರ, ಸಿಇಟಿಪಿ ಬಾಗಿಲಿಗೆ ಬರುವ ನೀರಿಗೂ ರಾಜ್ಯ ಮಂಡಳಿ ಮಿತಿ ಹಾಕುತ್ತದೆ. ಜುಂಗು, ಕಲ್ಲುಪುಡಿ, ಸಲ್ಫೈಡ್ ಅವರವರ ಯುನಿಟ್‌ನಲ್ಲೇ ನಿಲ್ಲಬೇಕು. ಒಬ್ಬರು ತಪ್ಪಿದರೂ ಘಟಕ ಕೆಡುತ್ತದೆ, ಎಲ್ಲರ ಕೆಲಸ ನಿಲ್ಲುತ್ತದೆ. 2017ರ ಫೆಬ್ರವರಿ 22ರಂದು ಸುಪ್ರೀಂ ಕೋರ್ಟ್, ನಡೆಯುವ ಇಟಿಪಿ ಇಲ್ಲದ ಕಾರ್ಖಾನೆಗಳು ಮುಚ್ಚಬೇಕು ಎಂದಿತು. ಸಿಇಟಿಪಿ, ಎಸ್‌ಟಿಪಿ ಕಟ್ಟಲು ಸರ್ಕಾರಗಳಿಗೆ ಮೂರು ವರ್ಷ ಕೊಟ್ಟಿತು. ಆ ಗಡುವು ಎಂದೋ ದಾಟಿದೆ. ಕಾರ್ಖಾನೆಯವರಿಗೆ ಮಾತ್ರ ನಿಯಮ ತೋರಿಸಿ, ಎಸ್‌ಟಿಪಿ ಬಗ್ಗೆ ಸುಮ್ನೆ ಇರುವುದು ನ್ಯಾಯ ಅಲ್ಲ. ನಾವು ಎರಡನ್ನೂ ಕೇಳಬೇಕು.

ಮಂಡಳಿಯವರು ಸ್ಯಾಂಪಲ್ ತೆಗೆಯುವಾಗ ನಮ್ಮ ಹಕ್ಕೇನು?

ಅದೇ 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ನೋಡಿ. ಮುಂದೆ ಹೇಳುವ ಸೆಕ್ಷನ್‌ಗಳೂ ಅದೇ ಕಾಯ್ದೆಯವು. ಸ್ಯಾಂಪಲ್ ಕೋರ್ಟಿನಲ್ಲಿ ಸಾಕ್ಷಿಯಾಗಬೇಕಾದರೆ ಅಲ್ಲೇ ನಿಮಗೆ ನೋಟಿಸ್ ಕೊಡಬೇಕು, ನಿಮ್ಮ ಎದುರೇ ಎರಡು ಭಾಗ ಮಾಡಬೇಕು, ಮುದ್ರೆ ಹಾಕಬೇಕು, ಇಬ್ಬರೂ ಸಹಿ ಮಾಡಬೇಕು. ಒಂದು ಮಂಡಳಿಯ ಪ್ರಯೋಗಾಲಯಕ್ಕೆ. ನೀವು ಕೇಳಿಕೊಂಡರೆ ಇನ್ನೊಂದು ರಾಜ್ಯ ಜಲ ಪ್ರಯೋಗಾಲಯಕ್ಕೆ ಹೋಗುತ್ತದೆ. ಬೇಕಂತಲೇ ತಪ್ಪಿಸಿಕೊಂಡರೆ ಲಾಭ ಇಲ್ಲ, ನೀವಿಲ್ಲದೆಯೂ ತೆಗೆಯಬಹುದು.

ತಪ್ಪಿದರೆ ದಂಡ ಎಷ್ಟು?

33ಎ ಸೆಕ್ಷನ್ ಕೆಳಗೆ ಮಂಡಳಿ ಯುನಿಟ್ ಮುಚ್ಚಿಸಬಹುದು, ಕರೆಂಟು, ನೀರು ಕಡಿಸಬಹುದು. ಪರಿಸರ ಪರಿಹಾರದ ಮೊತ್ತ ಬೇರೆ. ಅದಕ್ಕೆ ಕೇಂದ್ರ ಮಂಡಳಿಯ ಸೂತ್ರ ಇದೆ. ಕೆಂಪು ವರ್ಗಕ್ಕೆ 80 ಅಂಕ, ಸೂಚಿಸಿದ ದರ 250 ರೂಪಾಯಿ, ಸಣ್ಣ ಯುನಿಟ್‌ಗೆ 0.5, ಹತ್ತು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಿಗೆ 1. ಗುಣಿಸಿದರೆ ದಿನಕ್ಕೆ 10,000 ರೂಪಾಯಿ. ಒಂದು ತಿಂಗಳು ತಪ್ಪು ನಡೆದರೆ 3 ಲಕ್ಷ. ಆ ದುಡ್ಡಿಗೆ ಜಾಲರಿ, ತೊಟ್ಟಿ, ಬ್ಲೋವರ್ ಎಷ್ಟು ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ.

ನಾವು ಊರ ಕೆಳಗಿನ ರೈತರು. ಚರಂಡಿ ನೀರನ್ನೇ ಹೊಲಕ್ಕೆ ಹಾಯಿಸುತ್ತೇವೆ. ಏನು ನೋಡಬೇಕು?

ಬಣ್ಣಕ್ಕಿಂತ ಉಪ್ಪಿನ ಬಗ್ಗೆ ಹೆಚ್ಚು ಎಚ್ಚರ ಇರಲಿ. ನಮ್ಮದು ಎರೆ ಭೂಮಿ. ಸೋಡಿಯಂ ಜಾಸ್ತಿಯಾದರೆ ಎರೆ ಮಣ್ಣಿನ ಹುಡಿ ಬಿಚ್ಚಿಕೊಂಡು ರಂಧ್ರ ಮುಚ್ಚುತ್ತದೆ. ನೀರು ಇಂಗುವುದಿಲ್ಲ, ಒಣಗಿದಾಗ ಕಲ್ಲಾಗುತ್ತದೆ. ಹೊಲದಲ್ಲಿ ನೀರು ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದೆ, ಅಂಚಿನಲ್ಲಿ ಬಿಳಿ ಪದರ ಕಾಣುತ್ತಿದೆ ಅಂದರೆ ಮಣ್ಣು, ನೀರು ಎರಡನ್ನೂ ಪರೀಕ್ಷೆಗೆ ಕೊಡಿ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಸೌತೆಗೆ ಈ ನೀರು ಹಾಯಿಸಬೇಡಿ. ಬಳ್ಳಾರಿ ಸುತ್ತಲ ಹಳ್ಳಗಳು ಹಗರಿ ಸೇರುತ್ತವೆ, ಹಗರಿ ತುಂಗಭದ್ರೆ ಸೇರುತ್ತದೆ. ನಿಮ್ಮ ಹೊಲದಲ್ಲಿ ಕಾಣುವುದು ಕೆಳಗಿನ ಊರುಗಳಿಗೂ ಮುಟ್ಟುತ್ತದೆ.

ಜೀನ್ಸ್ ಬಿಟ್ಟು ಬೇರೆಯವರಿಗೆ ಇದೆಲ್ಲಾ ಇಲ್ಲವಾ?

ಇದೆ. ಹೋಟೆಲ್ ಜಿಡ್ಡು ಕೊಳವೆಯಲ್ಲಿ ಗಟ್ಟಿಯಾಗುತ್ತದೆ, ಜಿಡ್ಡು ಹಿಡಿಯುವ ತೊಟ್ಟಿ ಬೇಕು. ಗಾಡಿ ತೊಳೆಯುವ ಕಡೆ ಎಣ್ಣೆ ಬೇರ್ಪಡಿಸಬೇಕು. ರಾಯಚೂರು, ಗಂಗಾವತಿ ಕಡೆಯ ಕುಸುಬಲಕ್ಕಿ ಮಿಲ್‌ಗಳ ಭತ್ತ ನೆನೆಸಿದ ನೀರಿನಲ್ಲಿ ಬಣ್ಣ ಇಲ್ಲ, ಆದರೆ ಬಿಒಡಿ ತುಂಬಾ ಜಾಸ್ತಿ.

ರಾತ್ರಿ ಹೊತ್ತು ಯಾರೋ ಬಿಡುತ್ತಾರೆ. ಯಾರಿಗೆ ಹೇಳಬೇಕು?

ಮ್ಯಾನ್‌ಹೋಲ್ ಉಕ್ಕಿದರೆ ಪಾಲಿಕೆಗೆ, ನೀರಿನ ಬಣ್ಣ ವಾಸನೆಗೆ ಮಂಡಳಿಯ ಪ್ರಾದೇಶಿಕ ಕಚೇರಿಗೆ. ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ದಿನಾಂಕ, ಗಂಟೆ, ಜಾಗ, ಫೋಟೋ ಇರಲಿ. ಮುಚ್ಚಳ ತೆಗೆದು ಬಗ್ಗಿ ನೋಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಯಾರೂ ಕಿವಿಗೊಡದಿದ್ದರೆ 49ನೇ ಸೆಕ್ಷನ್ ಪ್ರಕಾರ 60 ದಿನಗಳ ನೋಟಿಸ್ ಕೊಟ್ಟು ಯಾವ ನಾಗರಿಕರಾದರೂ ಕೋರ್ಟಿಗೆ ದೂರು ಕೊಡಬಹುದು.

ನಮ್ಮದೇ ತೊಟ್ಟಿ ಒಡೆದು ನೀರು ಹರಿದುಬಿಟ್ಟರೆ?

ಮುಚ್ಚಿಡಬೇಡಿ. 31ನೇ ಸೆಕ್ಷನ್ ಪ್ರಕಾರ ಕೂಡಲೇ ಮಂಡಳಿಗೆ ತಿಳಿಸಬೇಕು. ಅದಕ್ಕೂ ಮೊದಲು ಮಷಿನ್ ನಿಲ್ಲಿಸಿ, ಮರಳಿನ ಚೀಲ ಇಟ್ಟು ಹರಿವು ತಡೆಯಿರಿ. ಪಾಲಿಕೆಗೆ ಫೋನ್ ಮಾಡಿ, ಯಾವ ರಾಸಾಯನಿಕ, ಎಷ್ಟು ನೀರು ಅಂತ ಹೇಳಿ. ಸಲ್ಫೈಡ್ ಅಥವಾ ಆಸಿಡ್ ಇದ್ದರೆ ಅದನ್ನು ಮೊದಲು ಹೇಳಿ. ಆ ಹೊತ್ತಿಗೆ ಮುಂದಿನ ಬೀದಿಯ ಮ್ಯಾನ್‌ಹೋಲ್ ಹತ್ತಿರ ಯಾರಾದರೂ ಕೆಲಸ ಮಾಡುತ್ತಿರಬಹುದು.